ಏಳು ಸರ್ವರ್, ಒಬ್ಬ ದೊಡ್ಡಪ್ಪ

ಇಟ್ಟಿಗಿಯ ನಮ್ಮ ದೊಡ್ಡಪ್ಪ ಹೊಲಕ್ಕೆ ಹೋಗುವಾಗ ಬುತ್ತಿ ಮರೆತರೂ ಮರೆತಾರು, ಊರು ದಾಟುವಾಗ ಆ ಕವರ್ ಮರೆಯುವುದಿಲ್ಲ. ಮೆಕ್ಕೆಜೋಳದ ಬೀಜದ ಕಂಪನಿಯೊಂದು ಪುಕ್ಕಟೆ ಹಂಚಿದ ಪ್ಲಾಸ್ಟಿಕ್ ಕವರ್, ಗುಂಡಿ ಒತ್ತಿದರೆ ಮುಚ್ಚಿಕೊಳ್ಳುವಂಥದ್ದು. ಗುಂಡಿ ಕಿತ್ತು ಎರಡು ವರ್ಷವಾಯಿತು, ಈಗ ರಬ್ಬರ್ ಬ್ಯಾಂಡ್. ಒಳಗೆ ಆಧಾರ್ ಕಾರ್ಡಿನ ಆರು ಝೆರಾಕ್ಸ್, ಪಾಸ್‌ಬುಕ್ಕಿನ ಮೊದಲ ಪುಟದ ನಾಲ್ಕು, ಮೂರು ವರ್ಷದ ಪಹಣಿ, ರೇಷನ್ ಕಾರ್ಡು, ಹಿಂಬದಿಗೆ ಫೋನ್ ನಂಬರ್ ಬರೆದ ಐದು ಪಾಸ್‌ಪೋರ್ಟ್ ಫೋಟೋ. ಐದರಲ್ಲೂ ದೊಡ್ಡಪ್ಪ ಕಣ್ಣು ಪಿಳುಕಿಸದೆ ನಿಂತಿದ್ದಾರೆ. ತಳದಲ್ಲಿ, ಯಾವುದಕ್ಕೂ ಇರಲಿ ಎಂದು, ಲ್ಯಾಮಿನೇಶನ್ ಮಾಡಿಸಿದ ದೊಡ್ಡವ್ವನ ಆಧಾರ್ ಕಾರ್ಡು.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದವನು. ಒಂದು ತಂತ್ರಾಂಶ ಇನ್ನೊಂದನ್ನು ಕೇಳಿ, ಅದು ಮತ್ತೊಂದಕ್ಕೆ ಹೇಳಿ, ನಡುವೆ ಯಾರು ಕೈಕೊಟ್ಟರೂ ಕೆಲಸ ಮಾತ್ರ ಕೆಡದೆ ದಡ ಸೇರುವಂತೆ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಹದಿನೈದು ವರ್ಷದಿಂದ ಇದನ್ನೇ ಮಾಡುತ್ತಾ ಬಂದಿದ್ದೇನೆ, ಸಂಬಳವೂ ಕೊಡುತ್ತಾರೆ. ಈ ಸಲ ಯುಗಾದಿಗೆ ಬಂದವನು ಎಂಟು ದಿನ ದೊಡ್ಡಪ್ಪನ ಹಿಂದೆ ತಿರುಗಿದೆ. ತಿರುಗಿದ ಮೇಲೆ, ನಾನು ಕಲಿತದ್ದು ಇನ್ನೂ ಒಂದನೇ ಇಯತ್ತೆಯ ಪಾಠ ಎಂದು ಖಾತ್ರಿಯಾಯಿತು. ಕಂಡದ್ದನ್ನು ಕೃತಜ್ಞತೆಯಿಂದ ಬರೆದಿಡುತ್ತಿದ್ದೇನೆ.

ವಿಷಯ ಇಷ್ಟೇ. ದೊಡ್ಡಪ್ಪನಿಗೆ ಎರಡು ಸಾವಿರ ರೂಪಾಯಿ ಬರಬೇಕಿತ್ತು, ಬಂದಿರಲಿಲ್ಲ. ಯಾವ ಎರಡು ಸಾವಿರ ಎಂದು ಊಹಿಸಲು ಹೋಗಬೇಡಿ. ಪಿಎಂ ಕಿಸಾನ್‌ನ ಒಂದು ಕಂತು ಎರಡು ಸಾವಿರ, ಗೃಹಲಕ್ಷ್ಮಿಯ ತಿಂಗಳ ಹಣ ಎರಡು ಸಾವಿರ, 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಿದಾಗ ಸರ್ಕಾರ ಮೊದಲು ಕೊಟ್ಟದ್ದೂ ಎರಡು ಸಾವಿರದವರೆಗೆ. ನಮ್ಮದು ಇವುಗಳಲ್ಲಿ ಒಂದೋ, ಬೇರೆಯೋ, ಹೇಳುವುದಿಲ್ಲ. ಯಾವ ಕಚೇರಿ, ಯಾವ ಬ್ಯಾಂಕು ಎಂದೂ ಹೇಳುವುದಿಲ್ಲ. ಹೊಗಳಿಕೆ ಒಬ್ಬರ ಪಾಲಾದರೆ ಉಳಿದವರಿಗೆ ಅನ್ಯಾಯವಾಗುತ್ತದೆ.

ಮೊದಲು ಇಂಥ ಹಣ ನಡೆದು ಬರುವ ದಾರಿ ನೋಡಬೇಕು. ಹೊಲ ಯಾರದು ಎಂದು ಹೇಳುವುದು 'ಭೂಮಿ'. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ಹಿಡುವಳಿದಾರರ ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ವ್ಯವಸ್ಥೆ ಅದು. ಪಹಣಿಗಾಗಿ ಗ್ರಾಮಲೆಕ್ಕಿಗರ ಮನೆ ಬಾಗಿಲು ಕಾಯುವುದನ್ನು ತಪ್ಪಿಸಿದ್ದು ಸುಳ್ಳಲ್ಲ. ಹೊಲದವನು ಯಾರು ಎಂದು ಹೇಳುವುದು 'ಫ್ರೂಟ್ಸ್', ಅಲ್ಲಿ ರೈತನಿಗೆ ಎಫ್‌ಐಡಿ ಎಂಬ ನಂಬರ್ ಸಿಗುತ್ತದೆ. ಫ್ರೂಟ್ಸ್ ಎಂದರೆ ಫಲ. ಫಲಾಪೇಕ್ಷೆಯಿಲ್ಲದೆ ಕರ್ಮ ಮಾಡಬೇಕೆಂದು ಕೇಳಿ ಬೆಳೆದ ನಾಡಿನಲ್ಲಿ ಎಂಥ ಹೆಸರು! ಹೊಲದಲ್ಲಿ ಬೆಳೆದದ್ದು ಏನು ಎಂದು ಹೇಳಲು ಬೆಳೆ ಸಮೀಕ್ಷೆಯ ಆ್ಯಪ್. ಸರ್ವೆ ನಂಬರಿನೊಳಗೆ ನಿಂತು ಫೋಟೋ ಹೊಡೆದರೆ ಮೆಕ್ಕೆಜೋಳ ಮೆಕ್ಕೆಜೋಳವಾಗುತ್ತದೆ. ಮನುಷ್ಯ ಇವನೇ ಹೌದೋ ಎಂದು ಹೇಳಲು ಆಧಾರ್. ಹಣ ಇಡಲು ಬ್ಯಾಂಕು. ಇವನಿಗಿರುವ ಖಾತೆಗಳಲ್ಲಿ ಯಾವ ಬ್ಯಾಂಕಿಗೆ ಹಾಕಬೇಕು ಎಂದು ಹೇಳಲು ಎನ್‌ಪಿಸಿಐನ ಮ್ಯಾಪರ್ ಎಂಬ ಪಟ್ಟಿ. ಬೊಕ್ಕಸದಿಂದ ಬಿಡುಗಡೆ ಮಾಡಲು 'ಖಜಾನೆ-2'. ಒಟ್ಟು ಏಳು. ನಮ್ಮ ತಾಲೂಕಿನ ಮೈಲಾರಲಿಂಗನಿಗೆ ಭಕ್ತರು ಏಳುಕೋಟಿ ಎಂದು ಕೂಗುತ್ತಾರೆ. ಸರ್ಕಾರದವರು ಕೋಟಿ ಬಿಟ್ಟು ಏಳನ್ನು ಉಳಿಸಿಕೊಂಡಿದ್ದಾರೆ, ಸಂತೋಷ.

ಈಗ ಒಂದು ಲೆಕ್ಕ. ಏಳರಲ್ಲಿ ಒಂದೊಂದೂ ನೂರಕ್ಕೆ 95 ಸಲ ಸರಿಯಾಗಿ ಕೆಲಸ ಮಾಡುತ್ತದೆ ಎಂದಿಟ್ಟುಕೊಳ್ಳಿ. 95 ಎಂದರೆ ಯಾವ ಶಾಲೆಯಲ್ಲೂ ರ್‍ಯಾಂಕು. ಆದರೆ ಏಳೂ ಒಂದೇ ಸಾಲಿನಲ್ಲಿ ನಿಂತಾಗ ಕೊನೆಯವರೆಗೆ ಹಣ ದಾಟುವುದು ನೂರಕ್ಕೆ 70 ಸಲ. ಉಳಿದ 30 ಮಂದಿ ಕವರ್ ಹಿಡಿದು ನಮ್ಮ ತಾಲೂಕು ಕೇಂದ್ರ ಹಡಗಲಿಯ ಬಸ್ ಹತ್ತುತ್ತಾರೆ. ಇದನ್ನು ದೋಷ ಎನ್ನುವವರು ಊರು ಕಂಡವರಲ್ಲ. ಆ 30 ಮಂದಿ ಟಿಕೆಟ್ ತೆಗೆಸುತ್ತಾರೆ, ಝೆರಾಕ್ಸ್ ಹೊಡೆಸುತ್ತಾರೆ, ಫೋಟೋ ತೆಗೆಸುತ್ತಾರೆ, ಮಂಡಕ್ಕಿ ಮಿರ್ಚಿ ತಿಂದು ಚಾ ಕುಡಿಯುತ್ತಾರೆ. ಹಣ ಫಲಾನುಭವಿಗೆ ಮುಟ್ಟುವ ಮೊದಲೇ ಊರ ತುಂಬ ಹಂಚಿಹೋಗುತ್ತದೆ. ಇಷ್ಟು ನ್ಯಾಯವಾಗಿ ಹಂಚುವ ಯೋಜನೆಯನ್ನು ಯಾವ ಅರ್ಥಶಾಸ್ತ್ರಜ್ಞನೂ ಬರೆದು ಕೊಟ್ಟಿಲ್ಲ, ತಾನಾಗಿ ಹುಟ್ಟಿಕೊಂಡಿದೆ.

ಮೊದಲ ದಿನ ಮೊದಲ ಟೇಬಲ್ಲಿಗೆ ಹೋದೆವು. ಹುಡುಗ ಒಳ್ಳೆಯವನು. ಪರದೆಯನ್ನು ನಮ್ಮ ಕಡೆ ತಿರುಗಿಸಿ ತೋರಿಸಿದ. "ನೋಡ್ರಿ ಅಜ್ಜಾರ, ನಮ್ಮಾಗ ಎಲ್ಲಾ ಸರಿ ಐತಿ. ಹಸರು ಬಂದೈತಿ." ನಿಜ, ಹಸಿರು ಬಂದಿತ್ತು. ಎರಡನೇ ಟೇಬಲ್ಲಿನಲ್ಲೂ ಹಸಿರು. ಮೂರನೆಯ ಕಡೆ ಅಕ್ಕಾವ್ರು ಊಟಕ್ಕೆ ಹೋಗಿದ್ದರು. ಬಂದ ಮೇಲೆ ಅಲ್ಲೂ ಹಸಿರು. ಬ್ಯಾಂಕಿನಲ್ಲಿ ಹಸಿರು. ಮಧ್ಯಾಹ್ನ ಮೂರರ ಹೊತ್ತಿಗೆ ದೊಡ್ಡಪ್ಪ ಹಸಿರಿನಿಂದ ಹಸಿರಿಗೆ ಹಾರುವ ಗಿಳಿಯಂತಾಗಿದ್ದರು. ಹೊಲದಲ್ಲಿ ಕಾಣದಿದ್ದ ಹಸಿರೆಲ್ಲ ಕಂಪ್ಯೂಟರಿನಲ್ಲಿ ಬೆಳೆದುನಿಂತಿತ್ತು. ಹಣ ಮಾತ್ರ ಬಂದಿರಲಿಲ್ಲ.

ನನ್ನ ವೃತ್ತಿಯ ಮಂದಿ ತಲೆತಗ್ಗಿಸಬೇಕಾದ್ದು ಇಲ್ಲೇ. ಬೆಂಗಳೂರಿನಲ್ಲಿ ಒಂದು ಕೆಲಸ ಕೆಟ್ಟರೆ, ಯಾರ ಕಡೆ ಕೆಟ್ಟಿತು ಎಂದು ರಾತ್ರಿ ಎರಡು ಗಂಟೆಗೆ ಫೋನ್ ಮಾಡಿ ಎಬ್ಬಿಸಿ ಕೇಳುತ್ತಾರೆ. ಯಾರದಾದರೂ ತಪ್ಪು ಇದ್ದೇ ಇರುತ್ತದೆ, ಮುಖ ಸಣ್ಣದಾಗುತ್ತದೆ. ಇಲ್ಲಿ ಕೆಲಸ ಕೆಟ್ಟರೂ ಯಾರದೂ ತಪ್ಪಿಲ್ಲದಂತೆ ಕಟ್ಟಿದ್ದಾರೆ. ಏಳು ಮಂದಿ ಸತ್ಯವಂತರು ಸೇರಿ ಒಂದು ಸುಳ್ಳನ್ನು ಹೇಳಲು ಸಾಧ್ಯ ಎಂಬುದು ಹರಿಶ್ಚಂದ್ರನಿಗೂ ಹೊಳೆದಿರಲಿಲ್ಲ.

1987ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಹೆಕ್ಟರ್ ಗಾರ್ಸಿಯಾ-ಮೊಲಿನಾ, ಕೆನೆತ್ ಸೇಲಂ ಎಂಬಿಬ್ಬರು 'ಸಾಗಾಸ್' ಎಂಬ ಪ್ರಬಂಧ ಬರೆದರು. ನಮ್ಮ ಕಸುಬಿನವರಿಗೆ ಅದು ಗ್ರಂಥ ಇದ್ದ ಹಾಗೆ. ಬಹಳ ಹೊತ್ತು ಹಿಡಿಯುವ ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆ ಮಾಡಿ, ಪ್ರತಿ ಹೆಜ್ಜೆಗೂ ಅದನ್ನು ರದ್ದು ಮಾಡುವ ಒಂದು ಮರುಹೆಜ್ಜೆ ಇಟ್ಟಿರಿ, ಐದನೆಯದು ಮುಗ್ಗರಿಸಿದರೆ ನಾಲ್ಕು, ಮೂರು, ಎರಡು ಎಂದು ವಾಪಸು ಬಂದು ಎಲ್ಲವನ್ನೂ ಮೊದಲಿನಂತೆ ಮಾಡಿ ಎಂಬುದು ಅದರ ಸಾರ. ಆ ಮರುಹೆಜ್ಜೆಗೆ ಅವರು ಇಟ್ಟ ಹೆಸರನ್ನು ಕನ್ನಡಕ್ಕೆ ತಂದರೆ ಪರಿಹಾರ ಎಂದಾಗುತ್ತದೆ. ನಮ್ಮ ಕಂದಾಯ ಇಲಾಖೆ ಬೆಳೆಹಾನಿಯ ಹಣ ಹಂಚುವ ತಂತ್ರಾಂಶಕ್ಕೂ 'ಪರಿಹಾರ' ಎಂದೇ ಹೆಸರಿಟ್ಟಿದೆ. ಕಾಕತಾಳೀಯ ಎನ್ನಲು ನನಗೆ ಮನಸ್ಸು ಬಾರದು.

ಆದರೆ ಅಮೆರಿಕದವರು ಒಂದು ಕಡೆ ಎಡವಿದ್ದಾರೆ. ಐದನೇ ಹೆಜ್ಜೆ ಸೋತರೆ ಗೆದ್ದ ನಾಲ್ಕನ್ನೂ ಯಾಕೆ ಅಳಿಸಬೇಕು? ಮನೆ ಕಟ್ಟುವಾಗ ಚಾವಣಿ ಬಿದ್ದರೆ ಗೋಡೆ ಕೆಡವುತ್ತೇವೆಯೆ? ದೊಡ್ಡಪ್ಪನ ವಿಚಾರದಲ್ಲಿ ಆರು ಹೆಜ್ಜೆ ಗೆದ್ದಿದ್ದವು, ಒಂದು ಸೋತಿತ್ತು. ಗೆದ್ದ ಆರೂ ಗೆದ್ದಂತೆಯೇ ಉಳಿದವು, ಒಬ್ಬರೂ ಹಿಂದೆ ಸರಿಯಲಿಲ್ಲ. ಏಳಕ್ಕೆ ಆರು ಎಂದರೆ ಶೇಕಡಾ 85ರ ಮೇಲೆ. ಡಿಸ್ಟಿಂಕ್ಷನ್. ಡಿಸ್ಟಿಂಕ್ಷನ್ ಬಂದ ಹುಡುಗನ ಮನೆಗೆ ಹೋಗಿ ದುಡ್ಡು ಎಲ್ಲಿ ಎಂದು ಯಾರಾದರೂ ಕೇಳುತ್ತಾರೆಯೆ?

ಸೋತದ್ದು ಯಾವುದು ಎಂದು ತಿಳಿದದ್ದು ಮೂರನೇ ದಿನ. ತಿಳಿದ ರೀತಿಯನ್ನು ವಿವರಿಸಲೇಬೇಕು. ಭರತ ಹುಣ್ಣಿಮೆಯ ಜಾತ್ರೆಗೆ ಮೈಲಾರಕ್ಕೆ ಹೋದವರಿಗೆ ಕಾರಣಿಕ ಎಂಬ ಭವಿಷ್ಯವಾಣಿ ಗೊತ್ತು. ಡೆಂಕನ ಮರಡಿಯಲ್ಲಿ ಲಕ್ಷಗಟ್ಟಲೆ ಮಂದಿ; ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲು ಏರಿ "ಸದ್ದಲೇ" ಎನ್ನುತ್ತಾನೆ; ಇರುವೆ ನಡೆದರೂ ಕೇಳುವಷ್ಟು ಮೌನ; ಒಂದೇ ಒಂದು ಸಾಲು ನುಡಿದು ಮೇಲಿನಿಂದ ಬೀಳುತ್ತಾನೆ. ಆ ಸಾಲಿಗೆ ಆಮೇಲೆ ಊರಿಗೊಂದು ಅರ್ಥ. ಮಳೆ ಎನ್ನುವವರುಂಟು, ಜೋಳದ ದರ ಎನ್ನುವವರುಂಟು, ಮುಖ್ಯಮಂತ್ರಿ ಬದಲಾಗುತ್ತಾರೆ ಎನ್ನುವವರಂತೂ ಪ್ರತಿ ವರ್ಷ ಇರುತ್ತಾರೆ. ಇಲ್ಲೂ ಹಾಗೆಯೇ ಆಯಿತು. ಕಂಪ್ಯೂಟರ್ ಅಂಗಡಿಯೊಂದರಲ್ಲಿ ಆಪರೇಟರ್ ಹುಡುಗ ಒಂದು ಗುಂಡಿ ಒತ್ತಿದ, ಪರದೆಯಲ್ಲಿ ಚಕ್ರ ತಿರುಗಿತು, ಅಂಗಡಿಯಲ್ಲಿದ್ದ ಒಂಬತ್ತು ಮಂದಿ ಉಸಿರು ಹಿಡಿದೆವು. ಕೆಂಪು ಅಕ್ಷರದಲ್ಲಿ ಒಂದು ಸಾಲು: 'ನೇಮ್ ಮಿಸ್‌ಮ್ಯಾಚ್'. ಮರುಕ್ಷಣ ಪರದೆ ಆರಿತು. ರಿಟೈರ್ಡ್ ಮೇಷ್ಟ್ರು ಒಬ್ಬರು ಪಹಣಿಯಲ್ಲಿ ತಪ್ಪು ಎಂದರು. ಪಕ್ಕದವನು ಬ್ಯಾಂಕಿನಲ್ಲಿ ಎಂದ. ಆಧಾರ್ ಮಾಡಿಸುವಾಗ ಕ್ಯಾಮೆರಾ ಮುಂದೆ ಸರಿಯಾಗಿ ಕೂತಿರಲಿಕ್ಕಿಲ್ಲ ಎಂದು ಇನ್ನೊಬ್ಬ. ದೊಡ್ಡಪ್ಪ ಎಲ್ಲರಿಗೂ ಹೌದು ಎಂದರು. ಎರಡು ಕಾರಣಿಕಕ್ಕೂ ಇರುವ ವ್ಯತ್ಯಾಸ ಒಂದೇ: ಮೈಲಾರದಲ್ಲಿ ಬಿದ್ದವನನ್ನು ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ.

ಹೆಸರಿನ ಮಹಿಮೆ ಹೊರಗಿನವರಿಗೆ ತಿಳಿಯದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲೂಕಿನ ಯಾವ ಓಣಿಯಲ್ಲಿ ನಿಂತು "ಕೊಟ್ರೇಶಾ" ಎಂದು ಕೂಗಿದರೂ ನಾಲ್ಕು ಬಾಗಿಲು ತೆರೆಯುತ್ತವೆ. ಕೊಟ್ಟೂರೇಶ್ವರನ ಹೆಸರು ಇಟ್ಟುಕೊಂಡವರಲ್ಲಿ ಕೊಟ್ರಪ್ಪ, ಕೊಟ್ರಯ್ಯ, ಕೊಟ್ರಗೌಡ, ಕೊಟ್ರಬಸಪ್ಪ, ಕೊಟ್ರಮ್ಮ ಎಲ್ಲ ಇದ್ದಾರೆ, ನಮ್ಮ ದೊಡ್ಡಪ್ಪನೂ ಅವರಲ್ಲೊಬ್ಬರು. ಇಂಗ್ಲಿಷಿಗೆ ಹೋದ ಕೂಡಲೇ 'ಟಿ' ಒಂದೋ ಎರಡೋ, ಕೊನೆಗೆ 'ಎಚ್' ಬೇಕೋ ಬೇಡವೋ, ಊರಿನ ಇನಿಷಿಯಲ್ ಮುಂದೋ ಹಿಂದೋ. ಹಳಬರು ಎಲ್ಲವೂ ಒಂದೇ ಎಂದರು. ಸರ್ವರ್ ಕಟ್ಟಾ ದ್ವೈತಿ. ಒಬ್ಬನೇ ಮನುಷ್ಯನಲ್ಲಿ ಅದಕ್ಕೆ ಪಹಣಿಯವನು ಬೇರೆ, ಆಧಾರಿನವನು ಬೇರೆ, ಪಾಸ್‌ಬುಕ್ಕಿನವನು ಬೇರೆ. ಎಪ್ಪತ್ತು ವರ್ಷ ತಾನು ಒಬ್ಬನೇ ಎಂಬ ಭ್ರಮೆಯಲ್ಲಿ ಬದುಕಿದ ದೊಡ್ಡಪ್ಪನಿಗೆ, ತನ್ನೊಳಗೆ ಮೂವರಿದ್ದಾರೆ, ಅವರಿಗೆ ಪರಸ್ಪರ ಪರಿಚಯವಿಲ್ಲ ಎಂದು ಗೊತ್ತಾದದ್ದು ಈ ವಯಸ್ಸಿನಲ್ಲಿ.

ಊರಿನ ಹೆಸರೂ ಸುಮ್ಮನೆ ಕೂತಿಲ್ಲ. ನಮ್ಮದು ಇಟ್ಟಿಗಿ. ಕೆಲವು ದಾಖಲೆಯಲ್ಲಿ ಇಟ್ಟಗಿ, ಕೆಲವದರಲ್ಲಿ ಇಟಗಿ, ಒಂದು ರಸೀದಿಯಲ್ಲಿ ಇಟ್ಟಿಗೆ, ಅದನ್ನು ನೋಡಿ ದೊಡ್ಡಪ್ಪ, "ನಾವೇನು ಭಟ್ಟಿ ಇಟ್ಟೇವೇನು?" ಎಂದು ಕೇಳಿದರು. ಹೊರಗಿನವರಿಗೆ ಇಟಗಿ ಎಂದರೆ ಕೊಪ್ಪಳ ಜಿಲ್ಲೆಯದು, 1112ರಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ದೇವಾಲಯ ಚಕ್ರವರ್ತಿ ಇರುವ ಊರು. ಪರದೆಯ ಪಟ್ಟಿಯಲ್ಲಿ ಬೆರಳು ಒಂದಿಷ್ಟು ಜಾರಿದರೆ ಇಲ್ಲಿಯ ರೈತ ಅಲ್ಲಿಗೆ ಹೋಗಿ ಬೀಳಬಹುದು. ಚಾಲುಕ್ಯರ ಕಾಲದ ಗುಡಿಯ ನೆರಳು, ಅದೂ ಖರ್ಚಿಲ್ಲದೆ.

ಇನ್ನು ಜಿಲ್ಲೆ. ನಮ್ಮ ಹಡಗಲಿ ಮದ್ರಾಸ್ ರಾಜ್ಯದಲ್ಲಿದ್ದದ್ದು 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿಯ ಜೊತೆ ಮೈಸೂರಿಗೆ ಬಂತು. 1973ರಲ್ಲಿ ಮೈಸೂರು ಕರ್ನಾಟಕವಾಯಿತು. 2014ರ ನವೆಂಬರ್ 1ರಂದು ಬಳ್ಳಾರಿ, ಹೊಸಪೇಟೆಗಳ ಇಂಗ್ಲಿಷ್ ಕಾಗುಣಿತ ಬದಲಾಯಿತು. 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಹರಪನಹಳ್ಳಿಯವರದಂತೂ ಪುಣ್ಯ: 1997ರಲ್ಲಿ ದಾವಣಗೆರೆಗೆ ಹೋದರು, 2018ರಲ್ಲಿ ಬಳ್ಳಾರಿಗೆ ಬಂದರು, 2021ರಲ್ಲಿ ವಿಜಯನಗರದವರಾದರು. ಇಷ್ಟು ದೇಶ ಸುತ್ತಿದರೂ ಮನೆಯಿಂದ ಒಂದು ಹೆಜ್ಜೆ ಆಚೆ ಇಟ್ಟಿಲ್ಲ. ಪ್ರತಿ ಪಯಣಕ್ಕೂ ಕಂಪ್ಯೂಟರಿನಲ್ಲಿ ಒಂದು ಹೊಸ ಕೋಡು. ಏಳು ಸರ್ವರುಗಳಲ್ಲಿ ಎಲ್ಲವೂ ಒಂದೇ ದಿನ ಹೊಸ ಜಿಲ್ಲೆಗೆ ಬರಬೇಕೆಂದು ಹಟ ಹಿಡಿಯುವುದು ಸರಿಯಲ್ಲ. ಹಳೆಯ ಜಿಲ್ಲೆಯ ಮೇಲೆ ಅಭಿಮಾನ ಇರುವವರಿಗೂ ಒಂದಿಷ್ಟು ಕಾಲ ಬೇಕು.

ಹೆಸರು ಸರಿಮಾಡಲು ಏನು ಮಾಡಬೇಕು ಎಂದು ಕೇಳಿದೆವು. ಒಂದು ಕಡೆ, ಆಧಾರ್ ಸರಿಮಾಡಿಸಿಕೊಂಡು ಬರ್ರಿ ಎಂದರು. ಆಧಾರಿನ ಕಡೆ, ಹೊಸ ಹೆಸರಿಗೆ ದಾಖಲೆ ತರ್ರಿ ಎಂದರು. ದಾಖಲೆ ಕೊಡುವವರು, ಆಧಾರಿನಲ್ಲಿ ಇದ್ದಂಗೆ ಕೊಡ್ತೀವಿ ಎಂದರು. ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ. ನಮ್ಮ ಕಸುಬಿನಲ್ಲಿ ಇದಕ್ಕೆ ಡೆಡ್‌ಲಾಕ್ ಎಂದು ಹೆಸರು, ಇದನ್ನು ಬಿಡಿಸಲು ಪುಸ್ತಕಗಳ ಮೇಲೆ ಪುಸ್ತಕ ಇವೆ. ಇಟ್ಟಿಗಿಯಲ್ಲಿ ಅದನ್ನು ಬಿಡಿಸಿದ್ದು ಓಣಿಯ ಒಬ್ಬ ಹುಡುಗ, ಅರ್ಧ ದಿನದಲ್ಲಿ, ಫೋನಿನಲ್ಲಿ ಯಾರಿಗೋ "ಅಣ್ಣಾ, ನಮ್ಮ ಅಜ್ಜ ಅದಾರ, ಒಂಚೂರು ನೋಡು" ಎಂದು. ಆ ಸಾಲನ್ನು ಯಾವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುವುದು ಎಂದು ನಾನು ಇನ್ನೂ ಯೋಚಿಸುತ್ತಿದ್ದೇನೆ.

ಮರುಪ್ರಯತ್ನದ ಶಾಸ್ತ್ರವನ್ನಂತೂ ಈ ಕಚೇರಿಗಳವರಿಂದಲೇ ಕಲಿಯಬೇಕು. ಒಂದು ಸರ್ವರ್ ಉತ್ತರ ಕೊಡದಿದ್ದರೆ ಪದೇಪದೇ ಬಾಗಿಲು ಬಡಿಯಬಾರದು, ಒಂದು ಸೆಕೆಂಡ್ ಕಾದು ಕೇಳು, ಆಮೇಲೆ ಎರಡು, ನಾಲ್ಕು, ಎಂಟು, ಹೀಗೆ ಕಾಯುವುದನ್ನು ದುಪ್ಪಟ್ಟು ಮಾಡುತ್ತಾ ಹೋಗು ಎಂದು ನಮಗೆ ಕಲಿಸುತ್ತಾರೆ. ಇದನ್ನು ಸರಿಯಾಗಿ ಬರೆಯಲು ನನಗೆ ಎರಡು ವರ್ಷ ಹಿಡಿಯಿತು. ಕಚೇರಿಯೊಂದರ ಕಿಟಕಿಯ ಹಿಂದಿದ್ದ ಹುಡುಗ ಓದದೆಯೇ ಹೇಳಿದ. ಮೊದಲ ದಿನ, "ಚಾ ಕುಡದು ಬರ್ರಿ." ಬಂದಾಗ, "ಮಧ್ಯಾಹ್ನ ಬರ್ರಿ." ಆಮೇಲೆ, "ನಾಳೆ." ನಾಳೆ ಹೋದಾಗ, "ಸೋಮವಾರ." ಸೋಮವಾರ, "ಅಮಾಸಿ ಆಗ್ಲಿ." ಅಮಾವಾಸ್ಯೆ ಆದ ಮೇಲೆ, "ಹೊಸಾ ಬಜೆಟ್ ಬಂದ ಮ್ಯಾಲೆ ನೋಡೂಣ್ರಿ."

ಇನ್ನೊಂದು ನಿಯಮವುಂಟು. ಒಂದೇ ಕೋರಿಕೆ ಗೊತ್ತಿಲ್ಲದೆ ಎರಡು ಸಲ ಬಂದರೆ ಎರಡು ಸಲ ಹಣ ಹೋಗಬಾರದು. ಹತ್ತು ಸಲ ಕೇಳಿದರೂ ಒಂದು ಸಲ ಕೇಳಿದ ಫಲವೇ ಬರಬೇಕು. ದೊಡ್ಡಪ್ಪ ಒಂದೇ ಅರ್ಜಿಯನ್ನು ನಾಲ್ಕು ಸಲ ಕೊಟ್ಟಿದ್ದಾರೆ. ನಾಲ್ಕು ಸಲವೂ ಒಂದೇ ಫಲ. ನಿಯಮ ಅಕ್ಷರಶಃ ಪಾಲನೆಯಾಗಿದೆ.

ಇಷ್ಟೆಲ್ಲದರ ನಡುವೆ ದೊಡ್ಡಪ್ಪನ ಒಂದು ಅನುಮಾನವನ್ನು ನಾನೇ ಬಗೆಹರಿಸಬೇಕಾಯಿತು. "ಎಲ್ಲಿ ಹೋದ್ರೂ ಸರ್ವರು ಇಲ್ಲ ಸರ್ವರು ಇಲ್ಲ ಅಂತಾರಲ್ಲೋ ತಮ್ಮಾ, ಯಾರವ್ರು? ಡೀಸಿ ಮ್ಯಾಲಿನೋರೇನು?" ಎಂದರು. ಮೇಲಿನವರೇ ಎಂದೆ. ಸಕಾಲ ಕಾಯ್ದೆ ಬಂದಾಗ, ಕೆಲಸ ತಡವಾದರೆ ಸಂಬಂಧಪಟ್ಟ ನೌಕರನಿಂದ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಅರ್ಜಿದಾರನಿಗೆ ಕೊಡಿಸುವ ನಿಯಮ ಬಂತು. ಸರ್ವರಿಗೆ ಸಂಬಳವಿಲ್ಲ, ಹಿಡಿಯುವುದು ಯಾವುದರಲ್ಲಿ? "ಹಂಗಾರ ಅವ್ರಿಗೆ ವರ್ಗಾನೂ ಇಲ್ಲೇನು?" ಎಂದು ಕೇಳಿದರು. ಇಲ್ಲ. ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಮಿರ್ಚಿ ಕಡಿದು, "ನೌಕರಿ ಅಂದ್ರ ಅದು" ಎಂದರು.

ಇಂಥ ಮುನ್ನಡೆಯ ಪಕ್ಕದಲ್ಲೇ ನಮ್ಮ ಸೀಮೆಯ ಮಲ್ಲಿಗೆ ವ್ಯಾಪಾರದ ಹಿಂದುಳಿದ ಸ್ಥಿತಿ ನೋಡಿದರೆ ಮರುಕವಾಗುತ್ತದೆ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ವಿಜಯನಗರದ ಕಾಲಕ್ಕೆ ತುಂಗಭದ್ರೆಯ ಮೇಲೆ ಹಡಗಿನಲ್ಲಿ ಹೂವು ಹೋಗುತ್ತಿತ್ತು, ಅದಕ್ಕೇ ಹೂವಿನಹಡಗಲಿ ಎಂದು ಹಿರಿಯರು ಹೇಳುತ್ತಾರೆ. ಈಗಲೂ ಆ ವ್ಯಾಪಾರ ನಡೆಯುವ ಬಗೆ ಹಳೆಯದೇ. ಬೆಳಕು ಹರಿಯುವ ಮುನ್ನ ಹೆಣ್ಣುಮಕ್ಕಳು ಮೊಗ್ಗು ಬಿಡಿಸುತ್ತಾರೆ, ಒಬ್ಬ ತೂಗುತ್ತಾನೆ, ಒಬ್ಬ ಬಸ್‌ಸ್ಟ್ಯಾಂಡಿಗೆ ಒಯ್ಯುತ್ತಾನೆ, ಬಸ್ಸು ಬೇರೆ ಊರಿಗೆ ಸಾಗಿಸುತ್ತದೆ, ಅಲ್ಲಿ ಯಾರೋ ಇಳಿಸಿಕೊಳ್ಳುತ್ತಾರೆ, ಸಂಜೆ ಯಾರದೋ ಮುಡಿಯಲ್ಲಿ ಹೂವು ಅರಳುತ್ತದೆ. ಇಷ್ಟು ಮಂದಿಯ ನಡುವೆ ಒಂದು ಓಟಿಪಿ ಇಲ್ಲ. ಹೆಸರು ತಾಳೆಯಾಯಿತೇ ಎಂದು ಯಾರೂ ನೋಡುವುದಿಲ್ಲ. ಪುಟ್ಟಿ ಒಂದು ಬಸ್ಸಿಗೆ ತಪ್ಪಿದರೆ ಮುಂದಿನದಕ್ಕೆ ಹಾಕುತ್ತಾರೆ. ತೂಕ ಕಡಿಮೆ ಬಂದರೆ ಮರುದಿನದ ಲೆಕ್ಕದಲ್ಲಿ ಮುರಿದುಕೊಳ್ಳುತ್ತಾರೆ. ತಪ್ಪು ಆಗುತ್ತದೆ ಎಂದು ಮೊದಲೇ ಒಪ್ಪಿಕೊಂಡು ಕೂತ ಮಂದಿ, ಆತ್ಮವಿಶ್ವಾಸವೇ ಇಲ್ಲ. ಕಾರಣ ಮೊಗ್ಗು. ಅದು ಸಂಜೆಗೆ ಅರಳಿಯೇ ತೀರುತ್ತದೆ, ಸರ್ವರ್ ಡೌನ್ ಎಂದರೆ ಕೇಳುವುದಿಲ್ಲ. ಎರಡು ಸಾವಿರ ರೂಪಾಯಿಗೆ ಆ ದುರ್ಗುಣವಿಲ್ಲ. ಅದು ಎಷ್ಟು ದಿನವಾದರೂ ಬಾಡದೆ ಕಾಯುತ್ತದೆ.

ಎಲ್ಲಕ್ಕಿಂತ ದೊಡ್ಡ ಜಾಣ್ಮೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಏಳೆಂಟು ತಂತ್ರಾಂಶಗಳನ್ನು ಒಟ್ಟಿಗೆ ದುಡಿಸಬೇಕಾದರೆ ಎಲ್ಲರ ಮೇಲೆ ಕಣ್ಣಿಡುವ ಒಂದು ಸೂತ್ರಧಾರ ತಂತ್ರಾಂಶ ಬೇಕು. ಯಾವ ಹೆಜ್ಜೆ ಮುಗಿಯಿತು, ಯಾವುದು ಬಾಕಿ, ಯಾರು ಏನೆಂದರು ಎಂದು ಅದು ಬರೆದಿಟ್ಟುಕೊಳ್ಳಬೇಕು. ಕರೆಂಟು ಹೋಗಿ ಬಂದರೂ ನಿಂತಲ್ಲಿಂದ ಮುಂದುವರಿಯಬೇಕು. ನಮ್ಮ ಕಂಪನಿ ಇಂಥದ್ದಕ್ಕೆ ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತದೆ. ಇಲ್ಲಿ ಆ ಸೂತ್ರಧಾರ ನಮ್ಮ ದೊಡ್ಡಪ್ಪ. ಒಂದು ಸರ್ವರ್ ಹೇಳಿದ್ದನ್ನು ಇನ್ನೊಂದಕ್ಕೆ ಮುಟ್ಟಿಸುವ ತಂತಿ ಅವರು, ಕವರ್ ಅವರ ಸ್ಮರಣೆ. ಅಡುಗೆಮನೆ ಬಾಗಿಲ ಪಕ್ಕದ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಜೊತೆಗೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದಾರೆ: 'ಬ್ಯಾಂಕ್ ಹುಡಿಗಿ ರಜಾ', 'ಕನ್ನಡಕದ ಸಾಹೇಬ್ರು ಸೈ ಹಾಕಿದ್ರು', 'ನೆಟ್ ಇಲ್ಲ', 'ನೆಟ್ ಇಲ್ಲ', 'ನೆಟ್ ಐತಿ ಕರೆಂಟ್ ಇಲ್ಲ'. ಇಷ್ಟು ಅಚ್ಚುಕಟ್ಟಾದ ದಾಖಲೆಯನ್ನು ನಮ್ಮ ಆಫೀಸಿನಲ್ಲಿ ನಾನು ಕಂಡಿಲ್ಲ. ಇದಕ್ಕೆ ಬೇಕಾಗುವ ಇಂಧನ ಒಂದು ಪ್ಲೇಟ್ ಮಂಡಕ್ಕಿ, ಎರಡು ಮಿರ್ಚಿ, ಅರ್ಧ ಕಪ್ ಚಾ. ಖರ್ಚು ಅವರದೇ. ಮೊಣಕಾಲು ನೋವು ಬಂದರೆ ದೊಡ್ಡವ್ವ ಹೊರಡುತ್ತಾರೆ. ಲ್ಯಾಮಿನೇಶನ್ ಮಾಡಿಸಿದ ಕಾರ್ಡು ಕವರಿನಲ್ಲಿ ಯಾಕಿತ್ತು ಎಂದು ನನಗೆ ಹೊಳೆದದ್ದು ಆಗ. ಬದಲಿ ವ್ಯವಸ್ಥೆಯೂ ಸಿದ್ಧ.

ನಾನು ಬೆಂಗಳೂರಿಗೆ ಹೊರಡುವ ಹಿಂದಿನ ದಿನ ಹಣ ಬಂತು. ಮೆಸೇಜು ಓಣಿಯ ಹುಡುಗನ ಫೋನಿಗೆ ಬಂತು, ನಂಬರ್ ಅವನದೇ ಕೊಟ್ಟಿದ್ದರಿಂದ. ಓಡಿಹೋಗಿ ಪಾಸ್‌ಬುಕ್ ಪ್ರಿಂಟ್ ಹಾಕಿಸಿದರೆ ಏನೂ ಇಲ್ಲ. ವಿಚಾರಿಸಿದಾಗ ತಿಳಿಯಿತು: ಆಧಾರಿನ ಮೂಲಕ ಬರುವ ಹಣ ಕೊನೆಗೆ ಯಾವ ಖಾತೆಗೆ ಜೋಡಿಸಿದೆಯೋ ಅಲ್ಲಿಗೆ ಹೋಗುತ್ತದೆ. ಎರಡು ವರ್ಷದ ಹಿಂದೆ ಕೊಟ್ಟೂರು ತೇರಿನಲ್ಲಿ ಕೊಡೆ ಕೆಳಗೆ ಕೂತಿದ್ದ ಹುಡುಗನೊಬ್ಬ ಹೊಸ ಸಿಮ್ ಕೊಡುತ್ತಾ ದೊಡ್ಡಪ್ಪನ ಹೆಬ್ಬೆಟ್ಟನ್ನು ಎರಡು ಸಲ ಒತ್ತಿಸಿಕೊಂಡಿದ್ದ. ಒಂದು ಸಿಮ್ಮಿಗೆ, ಇನ್ನೊಂದು ಖಾತೆಗೆ. ಖಾತೆ ಫೋನಿನೊಳಗಿದೆ. ತೆರೆಯಲು ಓಟಿಪಿ ಬೇಕು. ಓಟಿಪಿ ಬರುವ ಸಿಮ್ಮು ರೀಚಾರ್ಜ್ ಇಲ್ಲದೆ ಸತ್ತು ವರ್ಷವಾಗಿದೆ.

ಈಗ ಏಳೂ ಕಡೆ ಹಸಿರು. ಎಲ್ಲರ ಲೆಕ್ಕದಲ್ಲೂ ಹಣ ಮುಟ್ಟಿದೆ, ದೊಡ್ಡಪ್ಪ ಮಾತ್ರ ಇನ್ನೂ ಹಣ ಮುಟ್ಟಿಲ್ಲ. ಸತ್ತ ಸಿಮ್ಮು ಎಬ್ಬಿಸಲು ಸೋಮವಾರ ಮೊದಲ ಬಸ್ಸಿಗೆ ಹಡಗಲಿಗೆ ಹೊರಡುತ್ತಾರೆ. ಕವರಿಗೆ ಹೊಸ ರಬ್ಬರ್ ಬ್ಯಾಂಡ್ ಹಾಕಿದ್ದಾರೆ.